ಶರಬತ್ತಿನ ಕೆಂಪಿಗೆ ನಾನು ಕೊಟ್ಟ ಪತ್ರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಲ್ಲಿ ಬರೆಯಲಿರುವ ಘಟನೆಯ ಮುಖ್ಯ ಭಾಗ ನನಗೆ ಸರಿಯಾಗಿ ನೆನಪಿಲ್ಲ. ನೆನಪಿಲ್ಲ ಎನ್ನುವುದಕ್ಕಿಂತ ಎರಡು ಥರ ನೆನಪಿದೆ ಎನ್ನಬೇಕು. ಒಂದರಲ್ಲಿ ನಾನು ಬಣ್ಣದ ಡಬ್ಬಿಯ ಜೊತೆ ಬಂದ ಕಾಗದದ ಮೊದಲ ಪುಟವನ್ನಷ್ಟೇ ಓದಿ ಪತ್ರಕ್ಕೆ ಸಹಿ ಹಾಕುತ್ತೇನೆ. ಎರಡನೆಯ ಪುಟ ಸಿಗುವುದು ಕೆಲವು ದಿನದ ಮೇಲೆ. ಇನ್ನೊಂದರಲ್ಲಿ ಎರಡನೆಯ ಪುಟವೂ ಅದೇ ಮೇಜಿನ ಮೇಲಿದೆ. ನಾನು ಅದರ ಮೇಲೆ ಕಣ್ಣಾಡಿಸಿದ್ದೇನೆ, ಚಹಾ ಬಂದಿದೆ, ಕುಡಿದಿದ್ದೇನೆ, ಆಮೇಲೆ ಸಹಿ ಹಾಕಿದ್ದೇನೆ.

ಧಾರವಾಡದಲ್ಲಿ ನಾನು ರಸಾಯನಶಾಸ್ತ್ರ ಓದುವಾಗ, ಒಂದೇ ಪ್ರಯೋಗಕ್ಕೆ ಎರಡು ಫಲ ಬಂದರೆ ಎರಡನ್ನೂ ನಂಬಬೇಡಿ ಎಂದು ಕಲಿಸಿದ್ದರು. ಹಾಗಾಗಿ ಈ ಎರಡು ನೆನಪುಗಳನ್ನೂ ನಾನು ನಂಬುವುದಿಲ್ಲ. ನಂಬದೆ ಇರುವುದರಿಂದ ನೆಮ್ಮದಿ ಸಿಗುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು.

ಹುಬ್ಬಳ್ಳಿಯ ಒಂದು ಶರಬತ್ತಿನ ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ಕೆಮಿಸ್ಟ್ ಆಗಿದ್ದೆ. ಈಗ ಗೋಪನಕೊಪ್ಪದ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಫೋನ್ ಮಾಡಿ ಯಂತ್ರಗಳ ಬಗ್ಗೆ, ಕಾಯ್ದೆಗಳ ಬಗ್ಗೆ ಕೇಳುತ್ತಾರೆ. ಅವೆರಡೂ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬಹುದಾದದ್ದು ಸಹಿಯ ಬಗ್ಗೆ ಮಾತ್ರ.

ನಾನು ಸೇರಿದಾಗ ಪ್ರಯೋಗಾಲಯ ಎಂದರೆ ಸಕ್ಕರೆ ಗೋದಾಮಿಗೆ ಹೊಂದಿಕೊಂಡ ಒಂದು ಕೋಣೆ. ಇರುವೆಗಳು ನಮಗಿಂತ ಮೊದಲೇ ಹಾಜರಿ ಹಾಕುತ್ತಿದ್ದವು. ಅಲ್ಲಿ ಹಿರಿಯ ಕೆಮಿಸ್ಟ್ ಆಗಿದ್ದವರು ಬೆಂಡಿಗೇರಿ ಸರ್, ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಂದವರು. ಬಣ್ಣ ಪರೀಕ್ಷಿಸಲು ಅವರ ಬಳಿ ಇದ್ದದ್ದು ಬಿಳಿ ಉಣ್ಣೆಯ ದಾರದ ಒಂದು ಉಂಡೆ. ಶರಬತ್ತಿಗೆ ಒಂದಿಷ್ಟು ಆಮ್ಲ ಬೆರೆಸಿ ಗೇಣುದ್ದ ದಾರವನ್ನು ಅದರಲ್ಲಿ ಕುದಿಸುವುದು. ದಾರಕ್ಕೆ ಬಣ್ಣ ಹತ್ತುತ್ತದೆ. ತೊಳೆದು, ಅಮೋನಿಯಾ ಬೆರೆಸಿದ ನೀರಿನಲ್ಲಿ ಮತ್ತೆ ಬಿಸಿ ಮಾಡಿದರೆ ಕೃತಕ ಬಣ್ಣ ದಾರವನ್ನು ಬಿಟ್ಟು ನೀರಿಗಿಳಿಯುತ್ತದೆ. ಇಳಿಯದಿದ್ದರೆ ಅದು ನಿಸರ್ಗದ ಬಣ್ಣ.

"ಕಣ್ಣಿಗೆ ಮೋಸ ಮಾಡಬಹುದು ಕಟ್ಟಿ, ದಾರಕ್ಕ ಮಾಡಾಕ ಬರೂದಿಲ್ಲ" ಎನ್ನುತ್ತಿದ್ದರು. ಕಟ್ಟಿ ನನ್ನ ಮನೆತನದ ಹೆಸರು.

ಪರೀಕ್ಷೆಯ ಫಲ ಬರೆಯಲು ಅವರೇ ಒಂದು ಫಾರ್ಮ್ ಮಾಡಿದ್ದರು. ಅದರಲ್ಲಿ 'ಬಣ್ಣದ ಮೂಲ' ಎಂಬುದರ ಎದುರು ಎರಡು ಚೌಕ: ಒಂದು ಕೃತಕ, ಇನ್ನೊಂದು ವನಸ್ಪತಿ. ದಾರ ಬಣ್ಣ ಬಿಟ್ಟರೆ ಮೊದಲನೆಯದಕ್ಕೆ ಗುರುತು, ಬಿಡದಿದ್ದರೆ ಎರಡನೆಯದಕ್ಕೆ. ಅವರ ಕಾಲಕ್ಕೆ ಅದು ಸರಿಯೇ ಇತ್ತು. ನಮಗೆ ಬರುತ್ತಿದ್ದ ನಿಸರ್ಗದ ಬಣ್ಣ ಎಂದರೆ ಅರಿಸಿನದ್ದು, ಬೀಟ್‌ರೂಟಿನದ್ದು. ಮೂರನೆಯ ಚೌಕ ಬೇಕಾಗಬಹುದು ಎಂದು ಅವರಿಗೂ ಹೊಳೆಯಲಿಲ್ಲ, ಅವರು ಹೋದ ಮೇಲೆ ಇಪ್ಪತ್ತು ವರ್ಷ ಅದೇ ಫಾರ್ಮಿನಲ್ಲಿ ಗುರುತು ಹಾಕಿದ ನನಗೂ ಹೊಳೆಯಲಿಲ್ಲ.

ಬಣ್ಣ ಬೆರೆಸುತ್ತಿದ್ದವರು ರಾಜೇಸಾಬ. ನನಗಿಂತ ಮೂರು ವರ್ಷ ದೊಡ್ಡವರು, ಹಳೇ ಹುಬ್ಬಳ್ಳಿಯವರು. ನಾನು ಅವರನ್ನು ಕೊನೆಯವರೆಗೂ 'ನೀ' ಎಂದೇ ಕರೆದೆ. ಬರೆಯುವಾಗ ಈಗ ಕೈ ತಾನಾಗಿ ಬಹುವಚನಕ್ಕೆ ಹೋಗುತ್ತದೆ. ಪ್ರತಿದಿನ ಹತ್ತು ಗಂಟೆಗೆ ಪೂರ್ವದ ಕಿಟಕಿಯಲ್ಲಿ ಅಂದಿನ ಶರಬತ್ತನ್ನು ಮೊಹರು ಮಾಡಿದ ಮಾದರಿ ಬಾಟಲಿಯ ಪಕ್ಕ ಇಟ್ಟು ಬಣ್ಣ ಹೋಲಿಸುವುದು ಅವರ ಕೆಲಸ. ಒಂದು ವರ್ಷ ಗದಗಿನ ವ್ಯಾಪಾರಿಯೊಬ್ಬರು ಬಾಟಲಿ ಹಿಡಿದುಕೊಂಡು ಕಾರ್ಖಾನೆಗೇ ಬಂದರು.

"ಏನ್ರಿ, ಈ ಸಲ ಶರಬತ್ತಿಗೆ ಗುಲಾಬಿ ಹಾಕೀರೋ, ಬರೇ ತೋರ್ಸಿ ಕಳಿಸೀರೋ?"

ನೋಡಿದರೆ ಹೌದು, ಶರಬತ್ತಿನ ಬಣ್ಣ ತೆಳುವಾಗಿತ್ತು. ಮಾದರಿ ಬಾಟಲಿಯೇ ಕಿಟಕಿಯ ಬಿಸಿಲಿಗೆ ದಿನಕ್ಕಿಷ್ಟು ಮಾಸಿತ್ತು. ಅದಕ್ಕೆ ಹೊಂದಿಸುತ್ತಾ ಹೊಂದಿಸುತ್ತಾ ನಾವೂ ಬಣ್ಣ ಕಡಿಮೆ ಮಾಡುತ್ತಾ ಬಂದಿದ್ದೆವು. ರಾಜೇಸಾಬ ನಕ್ಕು, "ಸಾಹೇಬ್ರ, ನಾ ಬಾಟ್ಲಿ ಹೇಳಿದ್ದ ಕೇಳೇನಿ ರೀ. ಬಾಟ್ಲಿನ ಸುಳ್ಳ ಹೇಳಿದ್ರ ನಾ ಏನ್ ಮಾಡ್ಲಿ?" ಎಂದರು. ನಾನು ನಗಲಿಲ್ಲ. ಆ ಮಾದರಿಗೆ ಮೊಹರು ಮಾಡಿ ಸಹಿ ಹಾಕಿದ್ದವನು ನಾನು. ಅಂದಿನಿಂದ ಮಾದರಿಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟೆವು.

ಕಾರ್ಖಾನೆಯ ಮಾಲೀಕರು, ಎಲ್ಲರೂ ಸಾಹುಕಾರರು ಎನ್ನುತ್ತಿದ್ದ ಶೆಟ್ಟರು, ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ ಕೃತಕ ಬಣ್ಣ ಬಿಡಬೇಕು ಎಂದು ಹಟ ಹಿಡಿದರು. ಗಿರಾಕಿಗಳು ಲೇಬಲ್ ಓದತೊಡಗಿದ್ದ ಕಾಲ. ಬೀಟ್‌ರೂಟ್ ಹಾಕಿ ನೋಡಿದೆವು. ಪಾಕದ ಬಿಸಿಗೆ ಬಣ್ಣ ಕಂದಿಗೆ ತಿರುಗಿ, ಶರಬತ್ತು ಕಷಾಯದಂತೆ ಕಾಣುತ್ತಿತ್ತು. ಆಗ ಒಬ್ಬ ಏಜೆಂಟ್ ಹೊಸ ಡಬ್ಬಿ ತಂದ. ಮೇಲೆ 'ನೈಸರ್ಗಿಕ ಕೆಂಪು' ಎಂಬ ಅರ್ಥದ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಸಣ್ಣದಾಗಿ ಒಂದು ಸಂಖ್ಯೆ: 120. ಈ ಬಣ್ಣ ಬಿಸಿಗೆ ಹೆದರಲಿಲ್ಲ, ಬಿಸಿಲಿಗೆ ಹೆದರಲಿಲ್ಲ. ಸಾಹುಕಾರರು ಬಾಟಲಿಯನ್ನು ಬೆಳಕಿಗೆ ಹಿಡಿದು ಮಗುವಿನಂತೆ ಖುಷಿಪಟ್ಟರು.

ಅದೇ ಬೇಸಿಗೆಯಲ್ಲಿ ರಮಜಾನ್ ಬಂತು. ರಾಜೇಸಾಬರು ತಮ್ಮ ಓಣಿಯ ಮಸೀದಿಯಲ್ಲಿ ಸಂಜೆ ಉಪವಾಸ ಬಿಡುವ ಇಫ್ತಾರ್‌ಗೆ ಪ್ರತಿವರ್ಷ ನಮ್ಮ ಶರಬತ್ತನ್ನೇ ಒಯ್ಯುತ್ತಿದ್ದರು. ಹಿಂದಿನ ವರ್ಷ ಬೇರೆ ಯಾವುದೋ ತಿನಿಸಿನ ಬಗ್ಗೆ ಗಾಳಿಸುದ್ದಿ ಎದ್ದಿದ್ದರಿಂದ ಈ ಸಲ ಮಸೀದಿಯ ಜಮಾತಿನವರು ಒಂದು ಕಾಗದ ಕೇಳಿದ್ದರು.

"ಸಾಹೇಬ್ರ, ಒಂದ್ ನಾಕ್ ಸಾಲು ಬರದ ಕೊಡ್ರಿ. ಇದರಾಗ ಏನೇನ್ ಐತಿ, ಎಲ್ಲಿಂದ್ ಬಂದೈತಿ ಅಂತ. ನಾನ ನಿಂತ್ ಓದಿ ಹೇಳ್ತೇನಿ" ಎಂದರು ರಾಜೇಸಾಬ.

"ಆತ್ ಬಿಡೋ. ನಿಮ್ಮ ಮಂದಿಗೆ ಇಷ್ಟ ಸಂಶೇ ಇದ್ರ ನಮ್ಮ ಕಾಲೇಜಿಗೆ ಕಳಸು, ಎಲ್ಲಾರನ್ನೂ ಪಾಸ್ ಮಾಡ್ತಾರ."

"ನಮ್ಮ ಮಂದಿ ಸಂಶೇ ನಿಮ್ಮಷ್ಟ ಇಲ್ರಿ. ನೀವು ನೀರ್ ಕುಡೀಬೇಕಾದ್ರೂ ಎರಡ ಸಲ ನೋಡ್ತೀರಿ."

ನಾನು ದಾರ ಕುದಿಸಿದೆ. ಇಷ್ಟು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಆ ದಾರ ಫೈಲಿನಲ್ಲಿ ಅಂಟಿಸಿದಂತೆ ಇನ್ನೂ ಇದೆ. ಅಮೋನಿಯಾದಲ್ಲಿ ಅದು ಬಣ್ಣ ಬಿಡಲಿಲ್ಲ; ಬದಲಿಗೆ ನೇರಳೆಗೆ ತಿರುಗಿತು. ನಾನು ನೋಡಿದ್ದ ಯಾವ ಗಿಡದ ಬಣ್ಣವೂ ಹಾಗೆ ತಿರುಗಿರಲಿಲ್ಲ. ನಿಂತು ಯೋಚಿಸಬೇಕಿತ್ತು. ಫಾರ್ಮಿನಲ್ಲಿ ಎರಡೇ ಚೌಕ ಇದ್ದವು, ಕೃತಕ ಅಲ್ಲ ಎಂಬುದು ಗೊತ್ತಾಗಿತ್ತು, ಹೊರಗೆ ಬಾಟಲಿಗಳನ್ನು ಗಾಡಿಗೆ ತುಂಬುತ್ತಿದ್ದರು. 'ವನಸ್ಪತಿ' ಎಂಬುದಕ್ಕೆ ಗುರುತು ಹಾಕಿ, ಅದನ್ನೇ ಪತ್ರದಲ್ಲಿ ಬರೆದು, ಸಹಿ ಮಾಡಿ, ಕಾರ್ಖಾನೆಯ ಸಿಕ್ಕಾ ಒತ್ತಿದೆ. ರಾಜೇಸಾಬರು ಅದನ್ನು ಮಡಚದೆ, ಎರಡು ರಟ್ಟಿನ ನಡುವೆ ಇಟ್ಟುಕೊಂಡು ಹೋದರು.

ಡಬ್ಬಿಯ ಕಾಗದದ ಎರಡನೆಯ ಪುಟ ನನ್ನ ಕೈಗೆ ಸಿಕ್ಕಿದ್ದು, ಅಥವಾ ಮತ್ತೆ ಸಿಕ್ಕಿದ್ದು, ಐದನೆಯ ರೋಜಾದಂದು, ಅಂದರೆ ರಮಜಾನಿನ ಐದನೆಯ ಉಪವಾಸದ ದಿನ, ಗುರುವಾರ ಮಧ್ಯಾಹ್ನ. ಏಜೆಂಟಿನ ಬಿಲ್ಲಿನ ಹಿಂದೆ ಪಿನ್ ಮಾಡಿದ್ದರು. 'ಮೂಲ' ಎಂಬ ಸಾಲಿನಲ್ಲಿ ಬರೆದಿತ್ತು: ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಕೀಟ, ಒಣಗಿಸಿದ್ದು.

ಓದುಗರಿಗೆ ಇದು ಎಷ್ಟು ದೊಡ್ಡ ವಿಷಯ ಎನ್ನಿಸುತ್ತದೋ ಗೊತ್ತಿಲ್ಲ. ನಾನು ದೇವರನ್ನೂ ನಂಬುವವನಲ್ಲ, ಯಾವ ಬಣ್ಣ ಕುಡಿದರೆ ಯಾರು ಕೆಡುತ್ತಾರೆ ಎಂಬುದನ್ನೂ ನಂಬುವವನಲ್ಲ. ಮೈಗೆ ಅಪಾಯವಿಲ್ಲ, ಅಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ದಿನವಿಡೀ ನೀರು ಮುಟ್ಟದವರು, ಮೊದಲ ಗುಟುಕಾಗಿ ಕುಡಿಯುವುದನ್ನು ನನ್ನ ಸಹಿ ನೋಡಿ ಆರಿಸಿಕೊಂಡಿದ್ದರು. ಅವರ ಮುಂದೆ ನಿಂತು ಆ ಸಹಿಯನ್ನು ಓದಿ ಹೇಳಿದವರು ರಾಜೇಸಾಬ. ನಾನು ಮರ್ಯಾದೆ ಕಳೆದುಕೊಂಡರೆ ಗೋಪನಕೊಪ್ಪದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ದಿನಕ್ಕೆ ಐದು ಸಲ ಅದೇ ಜನರ ಪಕ್ಕ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಿತ್ತು.

ಅಂದು ಸಂಜೆಯೇ ಸಾಹುಕಾರರ ಕೋಣೆಗೆ ಹೋದೆ.

"ಹುಳಾ?" ಎಂದರು ಅವರು. "ಸರ್ಕಾರದವರು ಬ್ಯಾಡ ಅಂತಾರೇನು?"

"ಇಲ್ರಿ. ಆದ್ರ ಹಸಿರು ಚುಕ್ಕಿ ಹಾಕೂ ಹಂಗಿಲ್ಲ. ಮಾಂಸಾಹಾರದ ಚುಕ್ಕಿ ಹಾಕಬೇಕಾಗ್ತದ."

"ಗುಲಾಬಿ ಶರಬತ್ತಿಗೆ ಮಾಂಸದ ಚುಕ್ಕಿ! ಕಟ್ಟಿಯವರ, ಹಗಲ ಹೊತ್ತಿನ್ಯಾಗ ಕುಡದ ಬಂದೀರೇನು?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಹಣೆಯ ವಿಭೂತಿಯನ್ನು ಮುಟ್ಟಿಕೊಂಡರು. "ತಡೀರಿ. ನಮ್ಮವ್ವ ದಿನಾ ಲಿಂಗಪೂಜಿ ಮುಗಿಸಿ ಒಂದ್ ಗ್ಲಾಸ್ ಇದನ್ನ ಕುಡೀತಾಳಲ್ರೀ."

ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು. "ಅವ್ವಗ ಹೇಳೂದ ಬ್ಯಾಡ. ಹೊಸಾ ಡಬ್ಬಿ ತರಸೂದ ಬ್ಯಾಡ. ಆದ್ರ ಪ್ಯಾಟ್ಯಾಗ ಹೋಗಿದ್ದು ಹೋತು. ರಾಜೇಸಾಬಗ ನೀವು ಏನೂ ಹೇಳಬ್ಯಾಡ್ರಿ."

"ಅವರ ಮಂದಿ ನಾಳೆ ಕೇಳಿದ್ರ?"

"ಕೇಳಿದ್ರ, ಬಣ್ಣಾ ತಗಿಯೂ ಹೊತ್ತಿನ್ಯಾಗ ಎಲ್ಲಾ ಬದಲಾಗ್ತತಿ, ಹುಳದ್ದು ಏನೂ ಉಳಿಯೂದಿಲ್ಲಂತ ಹೇಳ್ರಿ. ನಮ್ಮ ಕ್ಯಾಪ್ಸೂಲ್ ವ್ಯಾಪಾರದ ಗೆಳೆಯಾ ಹೇಳ್ತಿದ್ದ, ಪದಾರ್ಥ ಪೂರಾ ಬದಲಾದ್ರ ಅವರ ಶಾಸ್ತ್ರದಾಗ ನಡೀತತಿ ಅಂತ. ನೀವು ಎಂ.ಎಸ್ಸಿ. ಆದವರು. ನಿಮ್ಮ ಮಾತು ಯಾರು ತಗದ ಹಾಕ್ತಾರ?"

ಆ ರಾತ್ರಿ ಹೇಗೆ ಕಳೆಯಿತು ಎಂದು ಬರೆಯುವುದಿಲ್ಲ. ಬರೆದರೆ ಅರ್ಧ ಕಟ್ಟಿದ್ದೇ ಆಗುತ್ತದೆ. ಮರುದಿನ, ಆರನೆಯ ರೋಜಾ, ಶುಕ್ರವಾರ ಬೆಳಿಗ್ಗೆ ಪಾಕದ ತೊಟ್ಟಿಯ ಪಕ್ಕ ರಾಜೇಸಾಬರನ್ನು ನಿಲ್ಲಿಸಿ ಹೇಳಿದೆ. ಅವರ ಮುಖ ಒಮ್ಮೆಲೇ ಬಿಳಿಚಿಕೊಂಡಿತು ಎಂದು ನನ್ನ ನೆನಪು. ತೊಟ್ಟಿಯ ಅಂಚನ್ನು ಹಿಡಿದುಕೊಂಡರು ಎಂದೂ ನೆನಪು.

"ಹೌದೇನ್ರಿ" ಎಂದರು. ಅಷ್ಟೇ.

"ನನ್ನ ತಪ್ಪು ರಾಜೇಸಾಬ. ಪತ್ರದಾಗ ನಾ ಬರದದ್ದು ತಪ್ಪು."

ಅವರು ಕೈ ಒರೆಸಿಕೊಂಡರು. "ಮುಫ್ತಿ ಸಾಹೇಬ್ರ ಕಡೆ ಹೋಗೂಣು ನಡ್ರಿ. ನೀವು ಬರ್ತೀರಲ್ಲ? ನನಗ ಇದನ್ನ ತಿಳಿಸಿ ಹೇಳಾಕ ಬರೂದಿಲ್ಲ."

ನನ್ನ ಸ್ಕೂಟರಿನ ಹಿಂದೆ ಕೂತರು. ಚನ್ನಮ್ಮ ಸರ್ಕಲ್ ದಾಟಿ ಹಳೇ ಹುಬ್ಬಳ್ಳಿ ಕಡೆ ತಿರುಗುವವರೆಗೂ ಐದು ಸಂಜೆ, ಸಂಜೆಗೆ ಎಷ್ಟು ಗ್ಲಾಸು ಎಂದು ನಾನು ಮನಸ್ಸಿನಲ್ಲೇ ಗುಣಿಸುತ್ತಿದ್ದೆ. ಕೊನೆಗೆ ಕೇಳಿಯೇಬಿಟ್ಟೆ.

"ನಿನ್ನಿ ಮೊನ್ನಿ ಬಾಟ್ಲಿ ತಗೀಲಿಲ್ರಿ" ಎಂದರು ಹಿಂದಿನಿಂದ. "ಹಾಲು ಬಂದಿತ್ತು. ಅದರಾಗ ಆತು."

ಮುಫ್ತಿ ಸಾಹೇಬರು ಮದರಸಾದ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದರು. ತೆಳ್ಳನೆಯ ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಎದುರಿಗೆ ಉದ್ದನೆಯ ಒಂದು ರಿಜಿಸ್ಟರು. ಓಣಿಯವರು ತಂದ ಧರ್ಮದ ಪ್ರಶ್ನೆಗಳನ್ನೂ ತಾವು ಕೊಟ್ಟ ಉತ್ತರಗಳನ್ನೂ ಅದರಲ್ಲಿ ಉರ್ದುವಿನಲ್ಲಿ ಬರೆಯುತ್ತಿದ್ದರಂತೆ. ನಾನು ಉಪನ್ಯಾಸ ಕೇಳಲು ಸಿದ್ಧನಾಗಿ ಹೋಗಿದ್ದೆ. ಅವರು ಪ್ರಶ್ನೆ ಕೇಳತೊಡಗಿದರು, ನನ್ನ ಮೌಖಿಕ ಪರೀಕ್ಷೆಯಲ್ಲಿ ಯಾರೂ ಅಷ್ಟು ಚೆನ್ನಾಗಿ ಕೇಳಿರಲಿಲ್ಲ.

"ಹುಳಾ ಸಣ್ಣದೇನ್ರಿ? ಮೈಯಾಗ ಹರಿಯೂ ರಕ್ತ ಐತೇನು?"

"ಇಲ್ರಿ. ನಮ್ಮ ಹಂಗ ಹರಿಯೂ ರಕ್ತ ಇಲ್ಲ."

"ಹಂಗಾದ್ರ ಅದು ಬಿದ್ದ ನೀರು ಹೊಲಸಾಗೂದಿಲ್ಲ. ನೊಣಾ ಬಿದ್ದಂಗ. ಈ ಶರಬತ್ತು ಅಂಗಿ ಮ್ಯಾಲೆ ಚೆಲ್ಲಿದ್ರ ಅದ ಅಂಗ್ಯಾಗ ನಮಾಜ್ ಮಾಡಬಹುದು. ಆದ್ರ ಶುದ್ಧ ಇರೂದು ಬ್ಯಾರೆ, ತಿನ್ನೂದು ಬ್ಯಾರೆ. ಮಣ್ಣೂ ಶುದ್ಧ ಐತಿ, ಹಂಗಂತ ಯಾರೂ ತಿನ್ನೂದಿಲ್ಲ. ಹುಳಾ ತಿನ್ನೂದು ನಮ್ಮ ಹನಫಿ ಮಂದಿಗೆ ನಡಿಯೂದಿಲ್ಲ. ಬ್ಯಾರೆ ಪಂಥದಾಗ ಬ್ಯಾರೆ ಮಾತು ಅದಾವು, ನಮ್ಮೊಳಗೂ ಈ ಬಣ್ಣದ ಬಗ್ಗೆ ಎರಡು ಥರ ಹೇಳೂ ಆಲಿಮರು, ಶಾಸ್ತ್ರ ಓದಿದವರು ಅದಾರ. ಅದಕ್ಕ ನಿಮ್ಮನ್ನ ಕೇಳೂದು."

ಆಮೇಲೆ ಅವರು ಹೇಳಿದ ಉದಾಹರಣೆಯನ್ನು ನಾನು ಇಷ್ಟು ವರ್ಷದಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೇನೆ. ಹಳೆಯ ಶಾಸ್ತ್ರಕಾರರು ಕೊಡುವ ಉದಾಹರಣೆಯಂತೆ ಅದು. ಉಪ್ಪಿನ ಗಣಿಯಲ್ಲಿ ಒಂದು ಕತ್ತೆ ಬಿದ್ದು ಸಾಯುತ್ತದೆ. ಕಾಲ ಕಳೆದು ಅದು ಪೂರ್ತಿ ಉಪ್ಪೇ ಆಗಿಹೋದರೆ, ಆಗ ಅದು ಕತ್ತೆಯಲ್ಲ, ಉಪ್ಪು, ಅಡುಗೆಗೆ ಹಾಕಬಹುದು. ಶೆರೆ ಹುಳಿತು ಸಿರ್ಕಾ, ಅಂದರೆ ವಿನೆಗರ್, ಆದರೆ ಅದು ಶೆರೆಯಲ್ಲ.

ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನಾ ರಸಾಯನ ಓದಿಲ್ಲ. ನೀವು ಹೇಳ್ರಿ ಸಾಹೇಬ್ರ. ನಿಮ್ಮ ಬಣ್ಣ ಉಪ್ಪೋ, ಕತ್ತೆಯೋ?"

ಸಾಹುಕಾರರು ಹೇಳಿಕೊಟ್ಟಿದ್ದ ವಾಕ್ಯ ನನ್ನ ಬಾಯಲ್ಲೇ ಇತ್ತು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಒಣಗಿದ ಹುಳವನ್ನು ಪುಡಿ ಮಾಡಿ ಬಿಸಿನೀರಿನಲ್ಲಿ ಕುದಿಸುತ್ತಾರೆ, ಕೆಂಪು ನೀರಿಗಿಳಿಯುತ್ತದೆ, ಪಟಿಕದಂಥ ಲವಣ ಹಾಕಿದರೆ ಅದರ ಜೊತೆ ಕೂಡಿ ಗಟ್ಟಿಯಾಗುತ್ತದೆ. 'ಕೂಡಿ' ಎಂಬಲ್ಲಿ 'ಬದಲಾಗಿ' ಎಂದರೆ ಮುಗಿಯಿತು. ಸಾಹುಕಾರರ ಮಾಲು ಉಳಿಯುತ್ತದೆ, ರಾಜೇಸಾಬರ ಮಾನ ಉಳಿಯುತ್ತದೆ, ನನ್ನ ಸಹಿ ಉಳಿಯುತ್ತದೆ. ಯಾರಿಗೂ ಹೊಟ್ಟೆನೋವು ಕೂಡ ಬರುವುದಿಲ್ಲ. ನಾನು ರಾಜೇಸಾಬರ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ರಿಜಿಸ್ಟರನ್ನು ನೋಡುತ್ತಿದ್ದರು.

"ಆ ಕೆಂಪು ಹುಳದ ಮೈಯಾಗ ಮೊದಲ ಇರ್ತದ್ರಿ" ಎಂದೆ. "ಅದನ್ನ ಹೊರಗ ತಗೀತಾರ, ಪಟಿಕದ ಜೋಡಿ ಕಟ್ಟತಾರ. ಆದ್ರ ಅದು ಅದ. ಉಪ್ಪಲ್ಲ, ಕತ್ತೀನ ಐತ್ರಿ."

ಹೀಗೆ ಹೇಳಿದೆ ಎಂದು ನಾನು ಹೇಳುತ್ತಾ ಬಂದಿದ್ದೇನೆ. ನಿಜವಾಗಿ ಎಷ್ಟು ತಡವರಿಸಿದೆನೋ, ಮೊದಲು 'ಸ್ವಲ್ಪ ಬದಲಾಗ್ತದ' ಎಂದು ಏನಾದರೂ ಗೊಣಗಿದೆನೋ, ಗೊತ್ತಿಲ್ಲ.

ಮುಫ್ತಿ ಸಾಹೇಬರು ತಲೆಯಾಡಿಸಿದರು. ತಿಳಿಯದೆ ಕುಡಿದವರಿಗೆ ಪಾಪವಿಲ್ಲ, ಅವರ ರೋಜಾಕ್ಕೆ ಏನೂ ಆಗುವುದಿಲ್ಲ, ತಿಳಿದ ಮೇಲೆ ಕುಡಿಯಬಾರದು, ಉಳಿದದ್ದನ್ನು ವಾಪಸು ಕಳಿಸಿ ಎಂದರು. ಎದ್ದು ನಿಂತ ಮೇಲೆ ನನ್ನನ್ನು ಕೇಳಿದರು:

"ಸಹಿ ಮಾಡೂ ಮುಂದ ನಿಮಗ ಗೊತ್ತಿತ್ತೇನ್ರಿ?"

"ಇಲ್ರಿ" ಎಂದೆ.

ಅವರು ಮತ್ತೆ ಕೇಳಲಿಲ್ಲ. ಆ ಎರಡಕ್ಷರದ ಉತ್ತರವನ್ನು ನಾನು ಅಂದಿನಿಂದ ಪರೀಕ್ಷೆಗೆ ಹಾಕುತ್ತಲೇ ಇದ್ದೇನೆ.

ಜುಮ್ಮಾ ನಮಾಜಿನ ಹೊತ್ತಾಗಿತ್ತು. ನಾನೇ ಜಮಾತಿನ ಮುಂದೆ ನಿಂತು ಹೇಳುತ್ತೇನೆ ಎಂದೆ. ರಾಜೇಸಾಬರು ಒಪ್ಪಲಿಲ್ಲ. "ನೀವು ಬರಬ್ಯಾಡ್ರಿ. ಓದಿ ಹೇಳಿದಾಂವ ನಾನು. ತಿರುಗಿ ಹೇಳಾಂವನೂ ನಾನ ಆಗಬೇಕು." ನಾನು ಮಸೀದಿಯ ಎದುರಿನ ಬೇವಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾದೆ. ನಮಾಜ್ ಮುಗಿದ ಮೇಲೆ ಅಂಗಳದಲ್ಲಿ ಜನ ಸೇರಿದ್ದು ಕಂಡಿತು. ಅವರ ದನಿ ಕೇಳಿಸಲಿಲ್ಲ; ಅವರ ಮೇಲೆ ಬಂದ ದನಿಗಳು ಕೇಳಿಸಿದವು.

"ವಾ ರಾಜೇಸಾಬ, ಹುಳಾ ಕುಡಿಸಿದಿ ಬಿಡಪಾ!"

"ಕಾಗದ ಹಿಡಕೊಂಡ ದೊಡ್ಡ ಭಾಷಣಾ ಮಾಡಿದಿ!"

"ಯಾಂವ್ ಬರದ ಕೊಟ್ಟಾಂವ? ಅವನ ಹೆಸರು ಹೇಳು."

ಇದಕ್ಕೆ ರಾಜೇಸಾಬರು ಎತ್ತರದ ದನಿಯಲ್ಲಿ ಕೊಟ್ಟ ಉತ್ತರ ನನಗೂ ಕೇಳಿಸಿತು. "ಬಣ್ಣಾ ಕಲಸಿದಾಂವ ನಾನು. ತಂದ ಕೊಟ್ಟಾಂವ ನಾನು. ತಪ್ಪಾಗೇತಿ ಅಂತ ಹೇಳಾಕ ಬಂದೇನಿ, ಬ್ಯಾರೆಯವರ ಹೆಸರು ಹೇಳಾಕ ಅಲ್ಲ."

ಹೊರಗೆ ಬಂದಾಗ ಅವರ ಕಿವಿ ಕೆಂಪಗಾಗಿತ್ತು. ಸ್ಕೂಟರ್ ಹತ್ತಿ, "ಮಧ್ಯಾಹ್ನದ ಪಾಕ ಇಳಸೂದೈತಿ, ಲಗೂ ನಡ್ರಿ" ಎಂದರು.

ಆ ಮಧ್ಯಾಹ್ನವೇ ಅಂಗಡಿಗಳಿಗೆ ಮಾಲು ವಾಪಸು ಕೇಳುವ ಪತ್ರ ಬರೆದು ಸಾಹುಕಾರರ ಮುಂದಿಟ್ಟೆ. ಅವರು ಸಹಿ ಹಾಕಿದರು, ಹಾಕಿ ಪೆನ್ನನ್ನು ಮೇಜಿನ ಮೇಲೆ ಎಸೆದರು. ದೀಪಾವಳಿಯವರೆಗೂ ನನ್ನ ಜೊತೆ ಮಾತಾಡಲಿಲ್ಲ. ಹಳೆಯ ಕೃತಕ ಬಣ್ಣಕ್ಕೇ ಹಿಂದಿರುಗಿದೆವು. ಅವರ ತಾಯಿಗೆ ಯಾರೂ ಹೇಳಲಿಲ್ಲ. ಬಣ್ಣ ಬದಲಾದ ಮೇಲೆ, ಮೊದಲಿನದೇ ಚೆನ್ನಾಗಿತ್ತು ಎಂದು ಅವರು ಕೆಲವು ದಿನ ಗೊಣಗಿದರಂತೆ.

ನಾನು ಮಾಡಿದ ಒಂದೇ ಸುಧಾರಣೆ ಎಂದರೆ, ಫಾರ್ಮುಗಳ ಕಟ್ಟನ್ನು ತೆಗೆದುಕೊಂಡು ಪ್ರತಿ ಹಾಳೆಯಲ್ಲೂ ಸ್ಕೇಲು ಇಟ್ಟು ಮೂರನೆಯ ಚೌಕ ಎಳೆದದ್ದು. 'ಪ್ರಾಣಿ/ಕೀಟ' ಎಂದು ಬರೆದೆ. ಆಮೇಲೆ ನಾಲ್ಕನೆಯದನ್ನೂ ಎಳೆದು 'ಗೊತ್ತಿಲ್ಲ' ಎಂದು ಬರೆದೆ. ನನ್ನ ನಂತರ ಬಂದವರು ಹೊಸ ಫಾರ್ಮ್ ಅಚ್ಚು ಹಾಕಿಸುವಾಗ ಮೂರನೆಯದನ್ನು ಉಳಿಸಿಕೊಂಡು ನಾಲ್ಕನೆಯದನ್ನು ತೆಗೆದರು. ಹೊಸಬರಿಗೆ ನನ್ನ ಬಿನ್ನಹ ಇಷ್ಟೇ: ಅದನ್ನು ಕೈಯಿಂದಲಾದರೂ ಎಳೆದುಕೊಳ್ಳಿ. ಈಗ ಮಾದರಿಯನ್ನು ಬೆಂಗಳೂರಿಗೆ ಕಳಿಸಿದರೆ ಯಂತ್ರವೇ ಬಣ್ಣದ ಹೆಸರು ಹೇಳುತ್ತದೆ. ಆದರೆ ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರ ಹೇಳುತ್ತದೆ. ಕುಡಿಯುವವರ ಪ್ರಶ್ನೆ ಏನು ಎಂದು ತಿಳಿದುಕೊಳ್ಳುವುದು ನಿಮ್ಮ ಕೆಲಸ.

ಇದನ್ನೆಲ್ಲ ಬರೆಯಲು ಕೂತಾಗ ಮೊದಲು ರಾಜೇಸಾಬರನ್ನೇ ಕೇಳಬೇಕು ಎನ್ನಿಸಿತು. ಅವರು ಈಗ ಮಗಳ ಸಂಸಾರದ ಜೊತೆ ಶಿರಗುಪ್ಪಿಯಲ್ಲಿದ್ದಾರೆ. ಹೋದೆ. ಚಹಾ ಬಂತು, ಮೊಣಕಾಲು ನೋವಿನ ಮಾತು ಬಂತು. ಆ ಶುಕ್ರವಾರದ ಬಗ್ಗೆ ಕೇಳಿದರೆ ನಕ್ಕುಬಿಟ್ಟರು.

"ಬಿಡ್ರಿ ಸಾಹೇಬ್ರ, ಮುಗದ ಹೋದ ಮಾತು. ನಿಮಗ ಈ ವಯಸ್ಸಿನ್ಯಾಗ ಇನ್ನೂ ದಾರ ಕುದಸೂ ಚಟಾ ಹೋಗಿಲ್ಲ."

"ನಿನಗ ನೆನಪೈತಿಲ್ಲೋ, ಹೇಳು. ನಾ ಹೇಳಿದಾಗ ನೀ ಏನಂದಿ?"

"ನನಗೇನ್ ನೆನಪ್ರೀ. ವಯಸ್ಸಾತು" ಎಂದು ಬಿಸ್ಕೀಟಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಹೋದ ತಿಂಗಳು ಮದರಸಾಕ್ಕೆ ಹೋದೆ. ಆ ಮುಫ್ತಿ ಸಾಹೇಬರು ಈಗಿಲ್ಲ. ರಿಜಿಸ್ಟರುಗಳು ಇವೆ. ನನಗೆ ಉರ್ದು ಓದಲು ಬಾರದು. ಅಲ್ಲಿನ ಗುಮಾಸ್ತರೊಬ್ಬರು ಹುಡುಕಿ, ಓದಿ, ಕನ್ನಡದಲ್ಲಿ ಹೇಳಿದರು. ನನ್ನ ಹೆಸರು ಅದರಲ್ಲಿಲ್ಲ, ಕಾರ್ಖಾನೆಯ ಹೆಸರೂ ಇಲ್ಲ. ಕತ್ತೆಯ ಮಾತೂ ಇಲ್ಲ. ಇರುವುದು ಒಂದು ಪ್ರಶ್ನೆ: ಶರಬತ್ತಿಗೆ ಹಾಕುವ ಕೆಂಪು ಬಣ್ಣದ ಡಬ್ಬಿಯ ಮೇಲೆ ಒಂದು ನಂಬರಿದೆ, ಅದು ಹುಳದ ಬಣ್ಣ ಎಂದು ಮಗಳು ಫೋನಿನಲ್ಲಿ ನೋಡಿ ಹೇಳುತ್ತಾಳೆ, ಇದನ್ನು ಕುಡಿಯಬಹುದೇ? ಕೆಳಗೆ ನೀಲಿ ಶಾಯಿಯಲ್ಲಿ: ತಿಳಿದವರನ್ನು ಕೇಳದೆ ಹೇಳಲಾಗದು, ಅಲ್ಲಿಯವರೆಗೆ ಕುಡಿಯಬೇಡಿ. ಅದರ ಕೆಳಗೆ ಕಪ್ಪು ಶಾಯಿಯಲ್ಲಿ, ಎರಡು ದಿನ ಬಿಟ್ಟು: ತಿಳಿದವರು ತಾವೇ ಬಂದು ಹೇಳಿದರು, ಬಣ್ಣ ಹುಳದ್ದೇ, ಬದಲಾಗಿಲ್ಲ, ಸಲ್ಲದು.

ಪ್ರಶ್ನೆ ಕೇಳಿದವರ ಹೆಸರನ್ನೂ ತಾರೀಖನ್ನೂ ಇನ್ನೊಮ್ಮೆ ಓದಿಸಿದೆ. ಗುಮಾಸ್ತರು ಬೆರಳಿಟ್ಟು ಓದಿದರು. ಮನೆಗೆ ಬಂದು, ಮಾಲು ವಾಪಸು ಕೇಳಿದ ನನ್ನ ಪತ್ರದ ನಕಲನ್ನು ತೆಗೆದು, ಆ ವರ್ಷದ ಪಂಚಾಂಗವನ್ನೂ ಉರ್ದು ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆ. ನಾನು ರಾಜೇಸಾಬರಿಗೆ ಹೇಳಿದ್ದು ಆರನೆಯ ರೋಜಾದಂದು. ಅವರು ಮುಫ್ತಿ ಸಾಹೇಬರನ್ನು ಕೇಳಿದ್ದು ನಾಲ್ಕನೆಯ ರೋಜಾದಂದು.